ಎರಡು ಪರದೆಗಳ ನಡುವಿನ ಗೆರೆ

ಎರಡನೇ ಮಾನಿಟರ್ ತಂದದ್ದು ನನ್ನ ಅನುವಾದದ ಕೆಲಸಕ್ಕೆ. ಆದರೆ ಬೆಳಿಗ್ಗೆಯಿಂದ ನಮ್ಮ ಯಜಮಾನರು ಕುರ್ಚಿ ಬಿಟ್ಟು ಎದ್ದಿಲ್ಲ, ಅವರ ಕೈ ಸುಮ್ಮನಿಲ್ಲ. ಮನೆಮಂದಿಯೆಲ್ಲ ಸಾಲಾಗಿ ನಿಂತ ಫೋಟೋವನ್ನು ಎರಡೂ ಪರದೆಗೆ ಸೇರಿಸಿ ಹಾಸಬೇಕಂತೆ. ಹಾಸಿದರೆ, ಪರದೆಗಳ ನಡುವಿನ ಕಪ್ಪು ಅಂಚು ನೆಟ್ಟಗೆ ಮಾವನವರ ಮೂಗಿನ ಮೇಲೆ ಬಿತ್ತು.

"ಛೆ, ಅಪ್ಪನ್ನೇ ಸೀಳಿಬಿಡ್ತಲ್ಲ!"

ಫೋಟೋ ಸರಿಸಿದರು, ನಾದಿನಿಯ ಕಣ್ಣು ಹೋಯಿತು. ಮತ್ತೆ ಸರಿಸಿದರು, ಅತ್ತೆಯ ಕೆನ್ನೆ ಹೋಯಿತು. ಎಲ್ಲರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾರೆ, ಗೆರೆಗೆ ಜಾಗ ಎಲ್ಲಿಂದ ಬರಬೇಕು? ನಾನು ಬಾಗಿಲಿಗೂ ಮೇಜಿಗೂ ಶತಪಥ ಹಾಕುತ್ತಿದ್ದೆ.

"ಏಳಿ ರೀ, ನನಗೆ ಕೆಲಸ ಇದೆ."

"ಒಂದೇ ನಿಮಿಷ ಕಣೆ."

ಕೊನೆಗೆ ಚಪ್ಪಾಳೆ ತಟ್ಟಿದರು. "ಬಾ ಇಲ್ಲಿ, ಸರಿಯಾಗಿ ಕೂತ್ಕೊಳ್ತು! ಯಾರ ಮುಖಕ್ಕೂ ತಾಗಿಲ್ಲ ನೋಡು."

ನೋಡಿದೆ. ಗೆರೆ ನಮ್ಮಿಬ್ಬರ ನಡುವೆ ನಿಂತಿತ್ತು. ಅಷ್ಟು ಉದ್ದದ ಸಾಲಿನಲ್ಲಿ ಖಾಲಿ ಜಾಗ ಇದ್ದದ್ದು ಅದೊಂದೇ ಕಡೆ.

"ಹೇಗಿದೆ?" ಎಂದರು ಬೀಗುತ್ತಾ.

ನಾನು ಮೌಸ್ ಕಿತ್ತುಕೊಂಡು, ಫೋಟೋ ಎಳೆದು, ಗೆರೆಯನ್ನು ಮತ್ತೆ ಮಾವನವರ ಮೂಗಿನ ಮೇಲೇ ತಂದು ನಿಲ್ಲಿಸಿದೆ.