ಹಳದಿ ಪೈಪಿನ ಮೇಲೆ ಮೀನು

೧

ಎಲ್ಲಿಂದ ಶುರುಮಾಡಲಿ? ಸೈಬೀರಿಯಾದ ನೆಲದಡಿಯಿಂದ ಹೊರಟರೆ ಭೂಗರ್ಭಶಾಸ್ತ್ರವಾಗುತ್ತದೆ, ಗ್ಯಾಸ್ ಕೊಳ್ಳುವ ದೇಶಗಳಿಂದ ಹೊರಟರೆ ಸಂಪಾದಕೀಯ. ಗ್ಲಾಫಿರಾ ಇಗ್ನಾತ್ಯೆವ್ನಾಳ ಒಲೆಯೇ ವಾಸಿ. ಅದು ಸೌದೆ ಒಲೆ. ಅವಳ ಹಿತ್ತಲಿನಾಚೆಯೇ ದೊಡ್ಡ ಪೈಪಿನಲ್ಲಿ ಗ್ಯಾಸು ಹೊರದೇಶಕ್ಕೆ ಹೋಗುತ್ತದೆ. ಎಪ್ಪತ್ತು ದಾಟಿದ ಇವಳು ಬರ್ಚ್ ಸೌದೆ ಸೀಳುತ್ತಾಳೆ. ಈ ಚಳಿಗಾಲಕ್ಕಾದರೂ ಮನೆಗೆ ಗ್ಯಾಸ್ ಬರಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

೨

(ಮೊದಲ ಡ್ರಾಫ್ಟಿನಲ್ಲಿ ಅವಳು ಕಣ್ಣೀರಿಟ್ಟು ಅಳುವಂತೆ ಬರೆದಿದ್ದೆ. "ಈರುಳ್ಳಿ ಹೆಚ್ಚೋದು ಬಿಟ್ಟು ನಾನು ಅತ್ತಿದ್ದು ಯಾವಾಗ ನೋಡಿದ್ಯಪ್ಪಾ?" ಎಂದಳು. ಹರಿದುಹಾಕಿದೆ.)

೩

ಪೈಪ್‌ಲೈನ್ ನೋಡಲು ಟರ್ಕಿಯಿಂದ ಅತಿಥಿಗಳು ಬರುವವರಿದ್ದರು. ಊರಿನ ಅಧ್ಯಕ್ಷ ಅರ್ಕಾದಿ ಸೆಮ್ಯೋನೊವಿಚ್ ಎರಡೇ ದಿನದಲ್ಲಿ ಬೇಲಿಗುಂಟ ಪೈಪು ಹಾಕಿಸಿ, ಮನೆ ಗ್ಯಾಸಿನ ಪೈಪಿಗೆ ಎಲ್ಲೆಡೆ ಬಳಿಯುವ ಹಳದಿ ಬಣ್ಣವನ್ನೇ ಬಳಿಸಿದ. ಅದು ಎಲ್ಲಿಂದಲೂ ಹೊರಟಿರಲಿಲ್ಲ, ಎಲ್ಲಿಗೂ ತಲುಪುತ್ತಿರಲಿಲ್ಲ. (ನನ್ನ ಕಥೆಗಳ ಹಾಗೆ.)

"ಅವರು ಹೋಗೋವರೆಗೆ ಒಲೆ ಹಚ್ಚಬೇಡಿ, ಗ್ಲಾಫಿರಾ ಇಗ್ನಾತ್ಯೆವ್ನಾ. ಹೊಗೆ ಕಂಡ್ರೆ ಊರಿನ ಮರ್ಯಾದೆ ಹೋಗುತ್ತೆ."

"ಅರ್ಕಾಶಾ, ನೀನು ಚಡ್ಡಿ ಇಲ್ದೆ ಓಡಾಡ್ತಿದ್ದಾಗಿಂದ ನೋಡಿದೀನಿ. ಬಂದೋರಿಗೆ ಪಿರೋಗ್ ಬೇಯಿಸಿ ಕೊಡದೆ ಇರೋದು ಮರ್ಯಾದೆನಾ?" ಅರ್ಕಾದಿ ಅವಳ ಬಾಯಲ್ಲಿ ಇವತ್ತಿಗೂ ಅರ್ಕಾಶಾ.

ಒಲೆ ಹಚ್ಚಿ, ಹೂರಣ ತುಂಬಿದ ರೊಟ್ಟಿಯಂಥ ಪಿರೋಗನ್ನು ಬೇಯಲು ಇಟ್ಟೇಬಿಟ್ಟಳು. ಹೊಸ ಪೈಪು ನೆಟ್ಟಗೆ, ಬಿಸಿಲಿಗೆ ಮುಖಮಾಡಿಕೊಂಡಿತ್ತು. ಉಪ್ಪು ಹಚ್ಚಿದ ಮೀನುಗಳನ್ನು ಅದಕ್ಕೇ ನೇತುಹಾಕಿದಳು.

೪

ಟರ್ಕಿಯ ಇಂಜಿನಿಯರ್ ಜೆವ್ದೆತ್ ಪಿರೋಗಿನ ಮೂರನೇ ತುಂಡು ಮುಗಿಸಿ ದುಭಾಷಿಯ ಮೂಲಕ ಗ್ಲಾಫಿರಾಳನ್ನು ಕೇಳಿದ.

"ಅಮ್ಮಾ, ಗ್ಯಾಸ್ ಒಲೇಲಿ ಇಂಥಾ ಘಮ ಹೇಗೆ ಬಂತು?"

ಅರ್ಕಾದಿಗೆ ಕೆಮ್ಮು ಬಂತು.

"ಗ್ಯಾಸ್ ಎಲ್ಲಪ್ಪಾ? ಅದೆಲ್ಲ ನಿಮ್ಮನೆಗೇ ಬರ್ತಿದೆಯಲ್ಲ!" ಎಂದಳು ಗ್ಲಾಫಿರಾ. "ಈ ಪೈಪು ಮೀನಿಗೆ."

ಜೆವ್ದೆತ್ ಪೈಪನ್ನು ಬೆರಳಿನಿಂದ ಬಡಿದು ನೋಡಿ ಬಿದ್ದುಬಿದ್ದು ನಕ್ಕ. "ನಮ್ಮೂರಲ್ಲೂ ಅಷ್ಟೇ, ಮಂತ್ರಿ ಬರೋ ದಿನ ರಸ್ತೆಗೆ ಟಾರು!" ಆಮೇಲೆ ಅತಿಥಿಗಳ ಪುಸ್ತಕದಲ್ಲಿ ಬರೆದ: 'ಸೌದೆಯ ಪಿರೋಗ್ ಅದ್ಭುತ. ಮುಂದಿನ ವರ್ಷ ಇದೇ ಮನೆಯಲ್ಲಿ ಗ್ಯಾಸಿನ ಪಿರೋಗ್ ತಿಂದು ಹೋಲಿಸಲಿದ್ದೇನೆ.' ಕೆಳಗೆ ಸಹಿ. ಆ ಪುಸ್ತಕ ಮೇಲಿನವರ ಕಚೇರಿಗೆ ಹೋಗುತ್ತದೆ. ಅರ್ಕಾದಿಯ ಮುಖಕ್ಕೂ ಪೈಪಿನ ಬಣ್ಣ ಬಂತು.

೫

ಮುಕ್ತಾಯ ಒಂದು: ನೆಲ ಹೆಪ್ಪುಗಟ್ಟುವ ಮೊದಲೇ ಅಗೆದು ಗ್ಯಾಸ್ ಕೊಟ್ಟರು. ಮುಕ್ತಾಯ ಎರಡು: ಕೊಡಲಿಲ್ಲ, ಮೀನು ಮಾತ್ರ ಚೆನ್ನಾಗಿ ಒಣಗಿತು.

ಎರಡನ್ನೂ ಓದಿ ತೋರಿಸಿದೆ. ಗ್ಲಾಫಿರಾ ನನ್ನ ಪೆನ್ನನ್ನೇ ಕಿತ್ತುಕೊಂಡಳು.

"ಗ್ಯಾಸ್ ಬರೋವರೆಗೆ ಮುಗಿಸ್ಬೇಡ ಕಣಪ್ಪಾ. ಕಥೆ ಮುಗೀತು ಅಂದ್ರೆ ಅರ್ಕಾಶಾ ಮರೆತೇಬಿಡ್ತಾನೆ."

ಈಗ ಅವನು ದಿನಾ ಬೆಳಿಗ್ಗೆ ಬೇಲಿಯಾಚೆ ನಿಂತು ಕೇಳುತ್ತಾನೆ, "ಮುಗೀತಾ?" ಇಲ್ಲ ಅನ್ನುತ್ತೇನೆ. ನಿಟ್ಟುಸಿರು ಬಿಟ್ಟು ನೆಲ ಅಗೆಯುವವರಿಗೆ ಫೋನು ಮಾಡುತ್ತಾನೆ. ಪೈಪಿನ ಮೇಲೆ ಇವತ್ತು ಹನ್ನೊಂದು ಮೀನು, ಮತ್ತು