ಫಿದೆಲಾ ಹೇಳದೆ ಉಳಿದದ್ದು

ಗಿಲ್ದೋನ ಎಡಗಾಲು ನೆಲಕ್ಕೆ ಎಳೆಯತೊಡಗಿದಾಗ ಕಪೀಸ್ ಸೀಮೆಯ ಕಡಲತೀರದ ಆ ಬೆಸ್ತರ ಕೇರಿಯಲ್ಲಿ ಯಾರೂ ಅದನ್ನು ಕಾಯಿಲೆ ಅಂದುಕೊಳ್ಳಲಿಲ್ಲ. ಸಿಂಪಿ ಕೀಳಲು ಹೋದವನು ದೋಣಿಯಿಂದ ಇಳಿಯುವಾಗ ತೂರಾಡಿದರೆ, "ಏನೋ, ಬೆಳಬೆಳಗ್ಗೇನೇ ಹೆಂಡ ಏರಿಸ್ಕೊಂಡು ಬಂದ್ಯಾ?" ಎಂದು ಗೆಳೆಯರು ನಗುತ್ತಿದ್ದರು. ಅವನೂ ನಗುತ್ತಿದ್ದ. ಆಮೇಲೆ ಅವನ ಕತ್ತು ಒದ್ದೆಬಟ್ಟೆ ಹಿಂಡಿದ ಹಾಗೆ ಬಲಕ್ಕೆ ತಿರುಚಿಕೊಳ್ಳತೊಡಗಿತು. ದವಡೆ ತಾನಾಗಿ ತೆರೆದುಕೊಂಡರೆ ಅಂಗೈಯಿಂದ ಒತ್ತಿ ಮುಚ್ಚಬೇಕಾಗುತ್ತಿತ್ತು. ಆಗ ನಗು ನಿಂತಿತು.

ಅವನಿಗೆ ಮದುವೆಯಾಗಿರಲಿಲ್ಲ. ಇಲೋಯಿಲೋದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದವಳು ಚಿಕ್ಕಕ್ಕ ಲುರ್ದೆಸ್.

"ನಿಮ್ಮ ತಾಯಿ ಕಡೆ ಗಂಡಸರಲ್ಲಿ ಯಾರಿಗಾದ್ರೂ ಹೀಗೆ ಆಗಿತ್ತಾ?" ಡಾಕ್ಟರಮ್ಮ ಕೇಳಿದಳು.

"ಇಲ್ಲ ಡಾಕ್ಟ್ರೇ. ಇಬ್ಬರು ಸೋದರಮಾವಂದಿರಿದ್ರು. ಒಬ್ಬರು ಸಮುದ್ರದ ಪಾಲಾದ್ರು. ಇನ್ನೊಬ್ಬರಿಗೆ ಯಾರೋ ಮಾಟ ಮಾಡಿಸಿದ್ರಂತೆ."

"ಮಾಟ ಆದವರು ಹೇಗೆ ನಡೀತಿದ್ರು?"

ಲುರ್ದೆಸಳಿಗೆ ಚಿಕ್ಕವಳಿದ್ದಾಗ ಬಾಗಿಲ ಸಂದಿಯಿಂದ ಕಂಡಿದ್ದ ಮಾವನ ಹಿಮ್ಮಡಿಗಳು ನೆನಪಾದವು. ಬಿದಿರಿನ ನೆಲವನ್ನು ಅವು ಒಂದೇ ಸಮನೆ ತಿಕ್ಕುತ್ತಿದ್ದವು. ಅಮ್ಮ ಅವಳನ್ನು ಕೂದಲು ಹಿಡಿದು ಅಲ್ಲಿಂದ ಎಳೆದುಕೊಂಡು ಹೋಗಿದ್ದಳು.

ಡಾಕ್ಟರಮ್ಮ ಮೆಲ್ಲಗೆ ಹೇಳಿದಳು: "ಇದಕ್ಕೆ ನಮ್ಮ ದ್ವೀಪದವರೇ ಇಟ್ಟ ಹೆಸರಿದೆ, ಲುಬಾಗ್ ಅಂತ. ಮಾಟ ಅಲ್ಲ, ತಾಯಿಯಿಂದ ಬರೋ ಒಂದು ಜೀನಿನ ದೋಷ. ಹೆಂಗಸರ ಮೈಯಲ್ಲಿ ಅದು ಸಾಮಾನ್ಯವಾಗಿ ಸುಮ್ಮನೆ ಇದ್ದುಬಿಡುತ್ತೆ. ಅವರ ಗಂಡುಮಕ್ಕಳಿಗೆ ಇಳಿದ್ರೆ ಮೂವತ್ತು, ನಲವತ್ತರ ಹೊತ್ತಿಗೆ ಎದ್ದು ಕೂರುತ್ತೆ. ಒಬ್ಬೊಬ್ಬ ಮಗನಿಗೂ ಇಳಿಯೋದು, ಇಳಿಯದೇ ಇರೋದು ಸಮಸಮ. ನಿಮಗೂ ಬಂದಿರಬಹುದು, ಬರದೇನೂ ಇರಬಹುದು. ಗಂಡುಮಕ್ಕಳಿದಾರಾ?"

"ಇಬ್ಬರು," ಎಂದಳು ಲುರ್ದೆಸ್.

ಪರೀಕ್ಷೆಗೆ ತನ್ನ ರಕ್ತವನ್ನೂ ಕೊಟ್ಟು, ತಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳ ಚಿಂತೆ ಅಕ್ಕನದು. ಅಮ್ಮ ತೀರಿಹೋದ ಮೇಲೆ ಆ ಮನೆಗೆ ಫಿದೆಲಾ ಅಕ್ಕನೇ ತಾಯಿ. ನಿಶ್ಚಯವಾಗಿದ್ದ ಮದುವೆಯನ್ನು ಬಿಟ್ಟು, ದೇವರ ಕೆಲಸಕ್ಕೆ ಎಂದು ಇಗರ್ಜಿಯ ಮಕ್ಕಳಿಗೆ ಪಾಠ ಹೇಳುತ್ತಾ ಉಳಿದವಳು. ಇಡೀ ಕೇರಿ ಅವಳಿಗೆ ತಲೆಬಾಗುತ್ತಿತ್ತು. ಈ ಸುದ್ದಿ ಕೇಳಿ ಅಕ್ಕ ಕುಸಿದುಹೋಗುತ್ತಾಳೆ ಎಂದು ಲುರ್ದೆಸ್ ಮಾತುಗಳನ್ನು ಆರಿಸಿ ಆರಿಸಿ ಜೋಡಿಸಿಕೊಂಡಳು.

ಫಿದೆಲಾ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಎಲ್ಲವನ್ನೂ ಕೇಳಿದಳು. ಕುಸಿಯಲಿಲ್ಲ. ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದಳು.

"ನಾನೂ ರಕ್ತ ಕೊಟ್ಟು ಬಂದೆ ಅಕ್ಕಾ," ಎಂದಳು ಲುರ್ದೆಸ್ ಅಳುತ್ತಾ.

"ಅದರ ಫಲ ಬರೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ ಕಣೇ. ಅಲ್ಲೀತನಕ ಮೈ ಮನಸ್ಸು ಹಾಳು ಮಾಡ್ಕೋಬೇಡ."

ಲುರ್ದೆಸಳ ಅಳು ನಿಂತಿತು. "ನಿಂಗೆ ಹೇಗೆ ಗೊತ್ತು?"

ಫಿದೆಲಾ ಪಾತ್ರೆಯನ್ನು ಕೆಳಗಿಟ್ಟಳು.

"ಅಕ್ಕಾ, ನಿಂಗೆ ಹೇಗೆ ಗೊತ್ತು ಅಂದೆ."

"ನಾನೂ ಕೊಟ್ಟಿದ್ದೆ. ನಿನ್ನ ಮದುವೆಗೆ ಮುಂಚೆ. ಮನಿಲಾದಿಂದ ಡಾಕ್ಟರುಗಳು ಬಂದಿದ್ರು. ನನಗಿದೆ ಅಂದ್ರು." ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. "ಅದಕ್ಕೇ ನಾನು ಮದುವೆ ಬೇಡ ಅಂದಿದ್ದು."

"ದೇವರಿಗೋಸ್ಕರ ಅಲ್ವಾ?"

"ಯಾರಿಗೂ ಹೇಳ್ಬಾರ್ದು ಅಂತ ಅಮ್ಮ ಆಣೆ ಹಾಕಿಸಿಬಿಟ್ಲು ಕಣೇ. ಲುಬಾಗಿನ ಮನೆ ಅಂತ ಗೊತ್ತಾದ್ರೆ ನಿನ್ನ ಮದುವೆ ಮುರಿದುಹೋಗುತ್ತೆ ಅಂತ ಕಾಲಿಗೆ ಬಿದ್ಲು. ನಿನಗೆ ಇಲ್ದೇ ಇರಲಿ ಅಂತ ದಿನಾ ಬೇಡ್ಕೊಂಡಿದೀನಿ."

"ಬೇಡ್ಕೊಂಡ್ಯಾ? ನನ್ನ ಇಬ್ಬರು ಹುಡುಗರನ್ನೂ ತೋಳಲ್ಲಿ ಹಿಡ್ಕೊಂಡು ದೀಕ್ಷಾಸ್ನಾನ ಮಾಡಿಸಿದವಳು ನೀನು! ದೊಡ್ಡವನು ಹುಟ್ಟಿದ ಮೇಲೆ ಇನ್ನೊಬ್ಬ ಬೇಕಾ ಬೇಡ್ವಾ ಅಂತ ನಿನ್ನನ್ನೇ ಕೇಳಿದ್ದೆ. ನೆನಪಿದೆಯಾ? 'ದೇವರು ಕೊಟ್ರೆ ಬೇಡ ಅನ್ನಬಾರದು' ಅಂದೆ. ನಿನ್ನ ಹೊಟ್ಟೇಲಿ ಮಗು ಬೇಡ ಅಂತ ತೀರ್ಮಾನ ಮಾಡಿ, ನನ್ನ ಹೊಟ್ಟೆ ತುಂಬೋದನ್ನ ನೋಡ್ತಾ ಕೂತೆಯಲ್ಲೇ!"

ಹುಡುಗರು ಅಂಬೆಗಾಲು ಬಿಟ್ಟು ನಡೆಯಲು ಕಲಿತಾಗ ಊರೆಲ್ಲ ಅವರ ಮುಖ ನೋಡಿ ನಕ್ಕರೆ, ಅಕ್ಕ ಮಾತ್ರ ಪಾದಗಳನ್ನೇ ನೋಡುತ್ತಿದ್ದಳು. ಅದನ್ನು ಲುರ್ದೆಸ್ ಪ್ರೀತಿ ಅಂದುಕೊಂಡಿದ್ದಳು.

ಬಾಗಿಲಲ್ಲಿ ಗಿಲ್ದೋ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ದವಡೆಯನ್ನು ಕೈಯಲ್ಲಿ ಒತ್ತಿ ಹಿಡಿದು ಕಷ್ಟಪಟ್ಟು ಹೇಳಿದ: "ನಂಗಾದ್ರೂ ಹೇಳ್ಬೋದಿತ್ತು, ದೊಡ್ಡಕ್ಕಾ. ಕುಡುಕ ಅಂದ್ರಲ್ಲ ಎಲ್ರೂ. ನಾನೂ ಅದೇ ಅಂದ್ಕೊಂಡೆ. ಕುಡಿಯೋದೇ ಬಿಟ್ಟೆ."

ಫಿದೆಲಾ ಅಳತೊಡಗಿದಳು. ಯಾರೂ ಅವಳ ಹತ್ತಿರ ಹೋಗಲಿಲ್ಲ.

ಪರೀಕ್ಷೆಯ ಫಲ ಬಂತು. ಲುರ್ದೆಸಳಿಗೂ ಇತ್ತು. ಮಕ್ಕಳ ಪರೀಕ್ಷೆ ಈಗಲೇ ಬೇಡ, ಪ್ರಾಯಕ್ಕೆ ಬಂದ ಮೇಲೆ ತಿಳಿದುಕೊಳ್ಳುವುದೋ ಬಿಡುವುದೋ ಅವರಿಷ್ಟ ಎಂದಳು ಡಾಕ್ಟರಮ್ಮ. ಹಡಗಿನಲ್ಲಿ ಅಡುಗೆಯವನಾಗಿದ್ದ ಗಂಡನಿಗೆ ಫೋನಿನಲ್ಲಿ ಹೇಳಿದಾಗ ಅವನು, "ಹುಡುಗರಿಂದ ಮುಚ್ಚಿಡಬೇಡ," ಎಂದ. ಅವಳು ಮುಚ್ಚಿಡುವವಳಾಗಿರಲಿಲ್ಲ. ಆ ಸಂಜೆ ಅನ್ನ, ಒಣಮೀನು ಬಡಿಸಿ ಇಬ್ಬರಿಗೂ ಬಿಡಿಸಿ ಹೇಳಿದಳು.

ದೊಡ್ಡವನು ಜುನ್ರೆಲ್ ಒಂದೇ ಪ್ರಶ್ನೆ ಕೇಳಿದ: "ನಾವು ಹುಟ್ಟೋ ಮುಂಚೆ ನಿಂಗೆ ಗೊತ್ತಿತ್ತಾ ಅಮ್ಮ?"

"ಇಲ್ಲ ಮಗಾ."

ಅವನು ಅವಳ ಮುಖವನ್ನು ನೋಡುತ್ತಲೇ ಇದ್ದ. ಆಮೇಲೆ ತಟ್ಟೆಗೆ ಕೈ ಹಾಕಿದ. ಮಗ ತನ್ನನ್ನು ನಂಬಿದ್ದು ಲುರ್ದೆಸಳಿಗೆ ತಿಳಿಯಿತು. ಅಕ್ಕನನ್ನು ತಾನಿನ್ನು ಹಾಗೆ ನಂಬಲಾರೆ ಎಂಬುದೂ ಅದೇ ಹೊತ್ತಿಗೆ ತಿಳಿಯಿತು.

ಗಿಲ್ದೋ ಹಾಸಿಗೆ ಹಿಡಿದ. ಗಂಜಿ ಕುಡಿಸಲು ಇಬ್ಬರು ಬೇಕು, ತಲೆ ಹಿಡಿಯಲು ಒಬ್ಬರು, ಚಮಚಕ್ಕೆ ಒಬ್ಬರು. ಫಿದೆಲಾ ತಲೆ ಹಿಡಿಯುತ್ತಾಳೆ, ಲುರ್ದೆಸ್ ಕುಡಿಸುತ್ತಾಳೆ. ಒಂದು ಮಧ್ಯಾಹ್ನ ಫಿದೆಲಾ ತಡೆಯಲಾರದೆ, "ಒಂದು ಮಾತಾಡೇ ಲುರ್ದಿ, ಬೈಯಾದ್ರೂ ಬೈಯಿ," ಎಂದಳು.

"ಅವನ ಕತ್ತು ಜಾರ್ತಿದೆ," ಎಂದಳು ಲುರ್ದೆಸ್. "ಸರಿಯಾಗಿ ಹಿಡ್ಕೋ."