ಹತ್ತನೇ ಗಂಟು

"ಗೆರೆ ಒಳಗೆ ತಗೊಳ್ಳೋ ಬೋಳಿಮಗನೆ ಅಂದ್ರೆ ಅಲ್ಲೇ ಎಳೀತಾ ಇದೀಯಲ್ಲ. ನಿಮ್ಮಪ್ಪನ ಜಾಗ ಏನೋ ಇದು?"

ನಮ್ಮ ತಂಡದ ಅಧ್ಯಕ್ಷರು ತಮ್ಮ ಹೂಕುಂಡಗಳ ಸಾಲಿನ ಆಚೆ ನಿಂತು ಬೈಯುತ್ತಿದ್ದರು. ನಾನು ಈಚೆ ಬಗ್ಗಿ ಉತ್ತರದ ಗೋಲಿನ ಗೆರೆಗೆ ಸುಣ್ಣ ಬಿಡುತ್ತಿದ್ದೆ. ಅಪ್ಪನ ಜಾಗವಲ್ಲ, ಒಪ್ಪಿದೆ. ಆದರೆ ಈ ಫುಟ್‌ಬಾಲ್ ಮೈದಾನಕ್ಕೆ ಮೊದಲ ಗೆರೆ ಎಳೆದವನು ನನ್ನಪ್ಪನೇ. ಅವನ ನಂತರ ನಾನು. ಇಪ್ಪತ್ತಾರು ವರ್ಷದಲ್ಲಿ ನಾನೆಳೆದ ಗೆರೆಗಳನ್ನೆಲ್ಲ ಜೋಡಿಸಿದರೆ ಭೂಮಿಗೆ ಮೂರು ಸುತ್ತು ಬಂದು, ಮಿಕ್ಕ ತುಂಡಿನ ಮೇಲೆ ಒಂದು ಊರಿನ ಬಟ್ಟೆ ಒಣಹಾಕಬಹುದು. ನನ್ನ ಗೆರೆ ಎಷ್ಟು ನೆಟ್ಟಗೆಂದರೆ, ಅದರ ಮೇಲೆ ಇಳಿದ ಕಾಗೆ ಕುಪ್ಪಳಿಸುವುದನ್ನು ಮರೆತು ಪೊಲೀಸರ ಹಾಗೆ ಕವಾಯತು ಮಾಡುತ್ತದೆ. ನನ್ನನ್ನು ಎಲ್ಲರೂ ಸುಣ್ಣದಣ್ಣ ಎನ್ನುತ್ತಾರೆ. ಅಧ್ಯಕ್ಷರು ಮಾತ್ರ ಬೋಳಿಮಗ ಎನ್ನುತ್ತಾರೆ. ಅವರ ಬಾಯಿಗೆ ಅದು ಸುಲಭ.

ಎರಡಡಿ ಒಳಗೆ ತಗೊಂಡೆ. ಇದೇನು ಹೊಸದಲ್ಲ. ಮೊದಲೊಂದು ವರ್ಷ ಗೋಲಿನ ಹಿಂದೆ ಅತಿಥಿಗಳಿಗೆ ನಾಲ್ಕು ಕುರ್ಚಿ ಹಾಕಿಸಿದರು, ಗೆರೆ ಒಳಗೆ ಬಂತು. ಕುರ್ಚಿಗೆ ಬಿಸಿಲೆಂದು ಸೂರು ಬಂತು, ಸೂರಿಗೆ ಗೋಡೆ ಬಂತು, ಗೋಡೆ ಸುಮ್ಮನಿರಲಾರದೆ ಮನೆಯಾಯಿತು. ಕೂತಲ್ಲಿಂದಲೇ ಆಟ ನೋಡಲು ಮುಂದುಗಡೆ ಪೂರಾ ಗಾಜಿನ ಬಾಗಿಲಿನ ಹಾಲು, ಅದರ ಮುಂದೆ ಟೈಲ್ಸಿನ ಜಗಲಿ, ಜಗಲಿಯ ಮುಂದೆ ಹೂಕುಂಡ. ಹದಿನಾರು ಮೀಟರ್ ಮೈದಾನವನ್ನು ಅವರು ನುಂಗಿದರು. ಚಮಚ ಹಿಡಿದು ತಿನ್ನಿಸಿದವನು ನಾನು.

ನಮ್ಮ ಲೀಗಿನ ಗತಿಯನ್ನೂ ಹೇಳಬೇಕು. ಹನ್ನೆರಡು ತಂಡಗಳಿದ್ದದ್ದು ಏಳಕ್ಕೆ ಇಳಿದಿದೆ. ಹೋದ ವರ್ಷ ಎದುರು ತಂಡದ ಗೋಲ್‌ಕೀಪರಿಗೆ ಆಟದ ನಡುವೆ ಫೋನು ಬಂತು, ಎಲ್ಲೋ ಕೆಲಸ ಸಿಕ್ಕಿದೆಯೆಂದು. ಅವನು ಕೈಗವಸು ಬಿಚ್ಚಿಟ್ಟು ಹೊರಟೇಹೋದ. ಆಮೇಲೂ ನಮ್ಮವರಿಗೆ ಗೋಲು ಹೊಡೆಯಲಾಗಲಿಲ್ಲ. ಏಳರಲ್ಲಿ ನಾವು ಏಳನೆಯವರು. ನಮ್ಮ ನಾಯಕ ವೆಲ್ಡರ್, ಗೋಲು ಕಾಯುವ ಗೋಲಿ ಲಾರಿಗೆ ಮೂಟೆ ಹೊರುವವನು, ಮಿಕ್ಕವರೂ ಇಂಥವರೇ. ಆದರೂ ಭಾನುವಾರ ಬಂತೆಂದರೆ ಊರಿನ ಅರ್ಧ ಜನ ಗೇಟಿನಲ್ಲಿರುತ್ತಾರೆ, ನಮ್ಮವರು ಈ ಸಲ ಹೇಗೆ ಸೋಲುತ್ತಾರೆ ನೋಡೋಣವೆಂದು.

ಹಳೇ ಪತ್ರದ ಪ್ರಕಾರ, ಲೀಗಿನಲ್ಲಿ ತಂಡ ಇರುವವರೆಗೆ ಮೈದಾನ ತಂಡದ್ದು. ತಂಡ ಹೊರಬಿದ್ದರೆ ಮೈದಾನ ಅಧ್ಯಕ್ಷರ ಟ್ರಸ್ಟಿಗೆ. ಲೀಗಿನವರು ಈಗ ಹೊಸ ನಿಯಮ ತಂದಿದ್ದರು: ಮೈದಾನ ತೊಂಬತ್ತು ಮೀಟರಿಗಿಂತ ಗಿಡ್ಡವಿದ್ದರೆ ಆ ತಂಡ ಹೊರಗೆ. ಬುಧವಾರ ಅಳೆಯಲು ಬರುವವರಿದ್ದರು. ನಮ್ಮದು ಎಂಬತ್ತನಾಲ್ಕು. ತಂಡ ಹೋದರೆ ನನ್ನ ಸುಣ್ಣದ ಗಾಡಿ ಹೋಗುತ್ತದೆ, ಜೆರ್ಸಿ ಒಗೆಯುವ ನನ್ನ ಹೆಂಡತಿಯ ಕಲ್ಲು ಹೋಗುತ್ತದೆ, ಗ್ಯಾಲರಿಯ ಮೆಟ್ಟಿಲ ಕೆಳಗೆ ನಾವಿಬ್ಬರೂ ತಲೆ ತಗ್ಗಿಸಿಕೊಂಡು ಬದುಕುವ ಕೋಣೆಯೂ ಹೋಗುತ್ತದೆ.

ಅದನ್ನೇ ಹೇಳೋಣವೆಂದು ಜಗಲಿ ಹತ್ತಿದೆ. ಮಾತು ಬಾಯಿಗೆ ಬರುವ ಮೊದಲು ಕಾಲು ಟೈಲ್ಸ್ ಮುಟ್ಟಿತು. ಕರೀ ಟೈಲ್ಸಿನ ಮೇಲೆ ಬೆಳ್ಳಗೆ ನನ್ನ ಪಾದ, ಐದೂ ಬೆರಳು ಎಣಿಸುವ ಹಾಗೆ.

"ನಾಯಿನೂ ಕಾಲು ಕೊಡವ್ಕೊಂಡು ಬರುತ್ತೆ," ಎಂದರು ಅಧ್ಯಕ್ಷರು. ಹಾಲಿನಲ್ಲಿ ಅತಿಥಿಗಳಿದ್ದರು, ದನಿ ಅವರಿಗಾಗಿ ಏರಿತು. "ಒರೆಸು."

ಬಟ್ಟೆಗಾಗಿ ಅತ್ತಿತ್ತ ನೋಡಿದೆ.

"ಬಟ್ಟೆ ಯಾಕೆ? ಮೈಮೇಲಿದೆಯಲ್ಲ."

ಅಂಗಿ ಬಿಚ್ಚಿ, ಮಂಡಿಯೂರಿ ಒರೆಸಿದೆ. ನಾನು ದೂರದಲ್ಲಿದ್ದರೂ ಒಬ್ಬ ಅತಿಥಿ ಕಾಲೆತ್ತಿ ಕೂತ. ನಲ್ಲಿಯ ಹತ್ತಿರ ಬಕೆಟ್ ಹಿಡಿದು ನಿಂತಿದ್ದ ನನ್ನ ಹೆಂಡತಿ ಎಲ್ಲ ನೋಡಿದಳು.

ಆ ಮಧ್ಯಾಹ್ನ ನಾನು ಕೋಣೆಯಲ್ಲಿ ಕೂತು, ಆ ಮನುಷ್ಯನನ್ನು ಒಂದೇ ಕೈಯಲ್ಲಿ ಎತ್ತಿ ಗೋಲಿನ ಬಲೆಗೆ ಎಸೆಯಬಹುದಿತ್ತು, ಏನೋ ಪಾಪ ಎಂದು ಬಿಟ್ಟೆ ಎಂದು ವಿವರಿಸುತ್ತಿದ್ದೆ. ಅವಳು ಜೆರ್ಸಿ ಹಿಂಡುತ್ತಾ ಕೇಳಿಸಿಕೊಂಡಳು.

"ನಾನು ಎಳೆದ ಗೆರೆ ಮಳೆ ಬಂದ್ರೂ ಅಳಿಸಿಹೋಗಲ್ಲ ಅಂತಿದ್ದೆ ನೀನು," ಎಂದಳು. "ಇವತ್ತು ನೀನೇ ಒರೆಸಿದೆಯಲ್ಲ."

ನನ್ನ ಕಥೆಯನ್ನು ಅರ್ಧಕ್ಕೇ ಬಿಟ್ಟೆ. ಮದುವೆಯಾದ ಮೇಲೆ ಅದೇ ಮೊದಲು.

ಅವಳು ಎದ್ದು, ಗೋಡೆಯಿಂದ ಗೋಡೆಗೆ ಹತ್ತಾರು ಸುತ್ತು ಕಟ್ಟಿದ್ದ ಬಟ್ಟೆ ಹಗ್ಗವನ್ನು ಬಿಚ್ಚತೊಡಗಿದಳು. ಅದು ನಮ್ಮಪ್ಪ ಮೈದಾನ ಅಳೆದ ಹಗ್ಗ. ಹತ್ತು ಮೀಟರಿಗೊಂದರಂತೆ ಹತ್ತು ಗಂಟು. ಅವನು ಹೋದ ಮೇಲೆ ಅದರ ಮೇಲೆ ಹನ್ನೊಂದು ಜೆರ್ಸಿ ನೇತಾಡುತ್ತಿದ್ದುದರಿಂದ ಅದು ಅಳತೆಯ ಹಗ್ಗವೆಂಬುದು ನನಗೇ ಮರೆತಿತ್ತು. ಸುತ್ತಿ ನನ್ನ ಮಡಿಲಿಗೆ ಹಾಕಿದಳು.

"ತಗೋ. ಇದು ನಿನ್ನ ಹಾಗೆ ಬುರುಡೆ ಬಿಡಲ್ಲ."

ಬುಧವಾರ ಬೆಳಿಗ್ಗೆ ಹತ್ತಕ್ಕೆ ಅಳತೆ ಸಾಹೇಬರು ಬಂದರು. ಟೇಪು ಬಿಟ್ಟರೆ ಬೇರೆ ದೇವರಿಲ್ಲದ ಸಣಕಲು ಮನುಷ್ಯ. ಒಂದು ಕಾಲಕ್ಕೆ ರೆಫರಿಯಾಗಿದ್ದವರು, ಸೀಟಿ ಇನ್ನೂ ಕೊರಳಲ್ಲೇ ಇತ್ತು. ಗೆರೆಯಿಂದ ಗೆರೆಗೆ ಅಳೆದರು. ಎಂಬತ್ತಮೂರು ಚಿಲ್ಲರೆ. ಅಧ್ಯಕ್ಷರು ಒಣಗಿದ ಕಣ್ಣನ್ನು ಕರ್ಚೀಫಿನಿಂದ ಒತ್ತಿಕೊಂಡು, ತಂಡ ನನಗೆ ಮಗುವಿದ್ದ ಹಾಗಿತ್ತು ಎಂದು ಅವರನ್ನು ಕಾಫಿಗೆ ಕರೆದೊಯ್ದರು. ಸಾಹೇಬರು ಗಾಜಿನ ಬಾಗಿಲು ದಾಟಿ ಸೋಫಾದಲ್ಲಿ ಕೂತು ಫಾರಮ್ಮು ತೆಗೆದರು.

ಹೊರಗೆ ನಮ್ಮ ಹನ್ನೊಂದು ಮಂದಿ ಒದ್ದೆ ಜೆರ್ಸಿಯಲ್ಲಿ ನಿಂತಿದ್ದರು; ಒಣಹಾಕಲು ಹಗ್ಗವಿರಲಿಲ್ಲ. ವೆಲ್ಡರ್ ಹಗ್ಗದ ಒಂದು ತುದಿಯನ್ನು ದಕ್ಷಿಣದ ಗೋಲಿನ ನಡುವೆ ಒತ್ತಿ ಹಿಡಿದ. ಆ ಗೋಲು ಅಪ್ಪನ ಕಾಲದಿಂದ ಒಂದಿಂಚೂ ಅಲುಗಿಲ್ಲ. ಇನ್ನೊಂದು ತುದಿ ಹಿಡಿದು ನಾನು ನಡೆದೆ. ಎಂಟನೇ ಗಂಟು ಹುಲ್ಲಿನ ಮೇಲೇ ಮುಗಿಯಿತು. ನನ್ನ ಎರಡಡಿ ಗೆರೆಯನ್ನು ದಾಟಿದೆ. ಹೂಕುಂಡದ ಸಾಲು. ಒಂಬತ್ತನೆಯದು ಜಗಲಿಯ ಮೆಟ್ಟಿಲಿಗೆ ಬಿತ್ತು. ಟೈಲ್ಸ್, ಗಾಜಿನ ಬಾಗಿಲು, ರತ್ನಗಂಬಳಿ, ಟೀಪಾಯಿಯ ಅಡಿ. ಹತ್ತನೇ ಗಂಟು ಸೋಫಾದ ಕಾಲಿಗೆ ಬಂದು ನಿಂತಿತು.

"ಸಾಹೇಬ್ರೆ, ಕಾಲು ಸ್ವಲ್ಪ ಎತ್ತಿ," ಎಂದೆ.

ಸಾಹೇಬರು ಎರಡೂ ಕಾಲೆತ್ತಿದರು. ಗೋಲಿ ಸುಣ್ಣದ ಗಾಡಿಯನ್ನು ಮೂಟೆಯ ಹಾಗೆ ಹೊತ್ತು ತಂದು ಹಾಲಿನಲ್ಲಿಳಿಸಿದ. ಡಬ್ಬದ ಬಾಯಿ ತೆಗೆದು, ಈ ಗೋಡೆಯಿಂದ ಆ ಗೋಡೆಯವರೆಗೆ, ರತ್ನಗಂಬಳಿಯ ಮೇಲೇ, ಗೋಲಿನ ಗೆರೆ ಎಳೆದೆ. ಜೀವಮಾನದಲ್ಲಿ ಅಷ್ಟು ನೆಟ್ಟಗೆ ನಾನೇ ಎಳೆದಿಲ್ಲ. ಟೀವಿಯಲ್ಲಿ ಮಾತಾಡುತ್ತಿದ್ದವನೂ ಒಂದು ಗಳಿಗೆ ಮಾತು ನಿಲ್ಲಿಸಿ ನೋಡಿದ ಎಂದರೆ ನೀವು ನಂಬಲಿಕ್ಕಿಲ್ಲ. ಆಮೇಲೆ ಹೊರಗೆ ಬಂದು, ಆ ಗೆರೆಯಿಂದ ಹನ್ನೊಂದು ಮೀಟರ್ ಎಣಿಸಿ, ಎರಡು ಹೂಕುಂಡಗಳ ನಡುವೆ ಪೆನಾಲ್ಟಿಯ ಚುಕ್ಕಿ ಇಟ್ಟೆ.

ಅಧ್ಯಕ್ಷರ ಬಾಯಿಂದ ಬಂದದ್ದನ್ನು ಬರೆದರೆ ಕಾಗದ ಮೈಲಿಗೆಯಾಗುತ್ತದೆ. ನನ್ನ ತಾಯಿಯಿಂದ ಶುರುವಾಗಿ, ಹುಟ್ಟದೇ ಇರುವ ನನ್ನ ಮಕ್ಕಳವರೆಗೆ ಹೋಯಿತು. ಸಾಹೇಬರು ಮಾತ್ರ ಕಡತದಿಂದ ಮೈದಾನದ ಮೊದಲ ನಕ್ಷೆ ಹುಡುಕಿ ತೆಗೆದರು. ದಕ್ಷಿಣದ ಗೋಲಿನಿಂದ ನೂರು ಮೀಟರ್ ಎಂದು ಅದರಲ್ಲಿತ್ತು. ಟೇಪು ಹಿಡಿದು ಅಷ್ಟು ದೂರವನ್ನೂ ಇನ್ನೊಮ್ಮೆ ಅಳೆದರು. ಸೋಫಾದ ಕಾಲಿನ ಹತ್ತಿರ ಬಗ್ಗಿ ಕನ್ನಡಕ ಸರಿಮಾಡಿಕೊಂಡರು. ಫಾರಮ್ಮಿನಲ್ಲಿ ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದು, ಸರ್ಕಾರಿ ದನಿಯಲ್ಲಿ ಓದಿದರು.

"ಮೈದಾನದ ಉದ್ದ ಸರಿಯಿದೆ. ಆಟಕ್ಕೆ ಅಡ್ಡಿ, ಒಂದು ಮನೆ."

ಒಂದು ಮನೆ ಎಂಬುದನ್ನು ಅವರು ಒಂದು ಕಲ್ಲು ಎಂಬಂತೆ ಓದಿದರು. ತಂಡ ಇರುತ್ತದೋ ಹೋಗುತ್ತದೋ ಮೇಲಿನವರು ತೀರ್ಮಾನಿಸುತ್ತಾರೆ ಎಂದೂ ಸೇರಿಸಿದರು. ಮೇಲಿನವರು ಅಧ್ಯಕ್ಷರ ಜೊತೆ ಊಟ ಮಾಡುವವರು. ಅದು ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರ ಮುಖಕ್ಕೆ ರಕ್ತ ಮರಳಿತು.

"ಒರೆಸೋ," ಎಂದರು ನನಗೆ, ಮೆಲ್ಲಗೆ. "ಅವತ್ತು ಒರೆಸಿದ ಹಾಗೇ."

ನನ್ನ ಕೈ ಅಂಗಿಯ ಗುಂಡಿಗೆ ಹೋಯಿತು. ಹೋದದ್ದು ನಿಜ, ಯಾಕೆ ಮುಚ್ಚಿಡಲಿ. ಅಷ್ಟರಲ್ಲಿ ಹೊರಗಿನಿಂದ ವೆಲ್ಡರ್ ಮೆತ್ತಗೆ ಒದ್ದ ಚೆಂಡು ಮೆಟ್ಟಿಲು ಪುಟಿದು, ಜಗಲಿ ದಾಟಿ, ಬೆಕ್ಕಿನ ಹಾಗೆ ಹಾಲಿಗೆ ಬಂತು. ಅಧ್ಯಕ್ಷರು ಸಿಟ್ಟಿನಿಂದ ಅದನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದರು.

ಚೆಂಡಿಗೆ ಕೈ ತಾಗಿತು, ಪೆನಾಲ್ಟಿ ಎಂದು ಹನ್ನೊಂದು ಒದ್ದೆ ತೋಳು ಮೇಲೆದ್ದವು. ಸಾಹೇಬರ ಕೈ ತಾನೇ ತಾನಾಗಿ ಕೊರಳಿಗೆ ಹೋಯಿತು. ಸೀಟಿ ಊದಿದ ಮೇಲೆ ತಾವೇ ಬೆಚ್ಚಿಬಿದ್ದರು. ಆದರೆ ಊದಿದ್ದು ಊದಿದ್ದೇ. ಅವರ ಬೆರಳು ಹೂಕುಂಡಗಳ ನಡುವಿನ ಚುಕ್ಕಿಯನ್ನು ತೋರಿಸುತ್ತಿತ್ತು.

ಗೋಲಿ ಅಧ್ಯಕ್ಷರ ಕೈಯಿಂದ ಚೆಂಡನ್ನು ಬಿಡಿಸಿಕೊಂಡು ತಂದು ಚುಕ್ಕಿಯ ಮೇಲಿಟ್ಟ. ವೆಲ್ಡರ್ ಹೊಡೆಯುತ್ತಾನೆಂದು ನಾನು ಸರಿದು ನಿಂತೆ. ಅವನು ಅಲುಗಲಿಲ್ಲ.

"ಚುಕ್ಕಿ ಇಟ್ಟೋನೇ ಹೊಡೀಲಿ, ಸುಣ್ಣದಣ್ಣ."

ಇಪ್ಪತ್ತಾರು ವರ್ಷದಲ್ಲಿ ಆ ಮೈದಾನದ ಚೆಂಡಿಗೆ ನಾನು ಕಾಲು ತಾಗಿಸಿದವನಲ್ಲ. ಗೆರೆಯವನು ಚೆಂಡು ಮುಟ್ಟಬಾರದು ಎಂದು ಅಧ್ಯಕ್ಷರ ಕಟ್ಟಪ್ಪಣೆ. ಹೆಂಡತಿ ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಇಷ್ಟು ವರ್ಷ ಬಾಯಲ್ಲೇ ಗೋಲು ಹೊಡೆದೆ," ಎಂದಳು. "ಒಂದು ಸಲ ಕಾಲಲ್ಲಿ ಹೊಡಿ."

ಅಧ್ಯಕ್ಷರು ಹಾಲಿನಿಂದ ಜಗಲಿಗೆ ಓಡಿ ಬಂದರು. ಬಾಗಿಲ ಗಾಜಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತರು. ಕರೀ ಟೈಲ್ಸಿನ ಮೇಲೆ ಬೆಳ್ಳಗೆ ಅವರ ಚಪ್ಪಲಿಯ ಗುರುತು ಸಾಲಾಗಿ ಬಿದ್ದಿತ್ತು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಅವರು ನನ್ನ ಕಾಲನ್ನೇ ನೋಡುತ್ತಿದ್ದರು. ಈ ಸಲ ಕೊಳೆಗಾಗಿ ಅಲ್ಲ.

ನಾನು ಏಳು ಹೆಜ್ಜೆ ಹಿಂದೆ ಹೋದೆ. ಏಳೂ ಬಿಳಿ ಹೆಜ್ಜೆ.